ಪಾರ್ಸೆಲ್ ಕವರಿಗೆ ದಂಡ ಹಾಕ್ತೀರಿ, ಬದಲಿ ಕವರ್ ಎಲ್ಲಿ?

ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್, ತಟ್ಟೆ, ಲೋಟ, ಚಮಚಗಳ ನಿಷೇಧ ಬಂದದ್ದು 2016ರ ಮಾರ್ಚ್‌ನಲ್ಲಿ. 2022ರ ಜುಲೈ 1ರಿಂದ ಕೇಂದ್ರದ ನಿಷೇಧವೂ ಸೇರಿಕೊಂಡಿತು. ಇಷ್ಟಾದ ಮೇಲೂ ಒಂದು ಸಂಜೆ ರಾಬರ್ಟ್‌ಸನ್‌ಪೇಟೆಯ ಎಂ.ಜಿ. ಮಾರ್ಕೆಟ್ ಸುತ್ತ ಅಥವಾ ಬಂಗಾರಪೇಟೆಯ ಚಾಟ್ಸ್ ಗಾಡಿಗಳ ಹತ್ತಿರ ಅರ್ಧ ಗಂಟೆ ನಿಂತು ನೋಡಿ. ಬಂಗಾರಪೇಟೆಯ ಆ ಫೇಮಸ್ ತಿಳಿನೀರಿನ ಪಾನಿ ತೆಳ್ಳನೆ ಕವರ್ ಸೇರಿ, ರಬ್ಬರ್ ಬ್ಯಾಂಡ್ ಸುತ್ತಿಸಿಕೊಂಡು ಮನೆಗೆ ಹೊರಟಿರುತ್ತೆ. ಕಾನೂನೂ ಇದೆ, ಕವರೂ ಇದೆ. ದಂಡ ಬೀಳೋದು ಮಾತ್ರ ಗಾಡಿಯವನಿಗೆ. ಕವರ್ ತಯಾರಿಸಿದವನ ಹೆಸರು ಯಾವ ರಸೀದಿಯಲ್ಲೂ ಇರಲ್ಲ.

2025ರ ಫೆಬ್ರವರಿಯ ಇಡ್ಲಿ ಪ್ರಕರಣ ನೆನಪಿರಬಹುದು. ಆಹಾರ ಸುರಕ್ಷತಾ ಇಲಾಖೆ ತಪಾಸಣೆ ಮಾಡಿದ 251 ಕಡೆಗಳಲ್ಲಿ 52 ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುತ್ತಿದ್ದರು. ಸಚಿವ ದಿನೇಶ್ ಗುಂಡೂರಾವ್ ಅದನ್ನು ನಿಷೇಧಿಸಿದರು. ಸರಿಯಾದ ಕ್ರಮವೇ. ಅಲ್ಲಿ ಬದಲಿ ಹುಡುಕಬೇಕಾಗಿರಲಿಲ್ಲ, ಹಳೇ ಬಟ್ಟೆಯೇ ಸಾಕಿತ್ತು. ಪಾರ್ಸೆಲ್ ವಿಷಯ ಅಷ್ಟು ಸುಲಭವಲ್ಲ.

ಬದಲಿಯಾಗಿ ಈಗ ಹೆಚ್ಚು ಕೇಳಿಬರ್ತಿರೋದು ಪಿಷ್ಟದ ಫಿಲ್ಮ್. ಗಂಜಿ ಒಣಗಿದಾಗ ಪಾತ್ರೆಯ ಅಂಚಿನಲ್ಲಿ ಪೊರೆ ಕಟ್ಟುತ್ತಲ್ಲ, ಮೂಲದಲ್ಲಿ ಇದು ಅದೇ. ಜೋಳ, ಮರಗೆಣಸು, ಆಲೂಗಡ್ಡೆಯ ಪಿಷ್ಟವನ್ನು ನೀರಲ್ಲಿ ಬೇಯಿಸಿ, ಮುರಿಯದೆ ಬಾಗಲಿ ಅಂತ ಗ್ಲಿಸರಾಲ್ ಸೇರಿಸಿ, ತೆಳುವಾಗಿ ಹರಡಿ ಒಣಗಿಸೋದು. ಇದಕ್ಕೆ ಅರಿಶಿನ, ಚಹಾ, ಹಣ್ಣಿನ ಸಿಪ್ಪೆಯಿಂದ ತೆಗೆದ ಆಂಟಿಆಕ್ಸಿಡೆಂಟ್ ಬೆರೆಸಿದರೆ, ಒಳಗಿರುವ ಕರಿದ ತಿಂಡಿಯ ಎಣ್ಣೆ ಬೇಗ ಕಮಟು ಹಿಡಿಯೋದಿಲ್ಲ. ಅಂದ್ರೆ ಕವರ್ ಬರೀ ಸುತ್ತುವ ಹಾಳೆಯಾಗಿ ಉಳಿಯದೆ ತಿಂಡಿಯನ್ನೂ ಕಾಯುತ್ತೆ.

ಕೇಳೋಕೆ ಚೆನ್ನಾಗಿದೆ. ಆದರೆ ಪಿಷ್ಟಕ್ಕೆ ನೀರು ಕಂಡ್ರೆ ಆಗಲ್ಲ. ಬಿಸಿ ಸಾಂಬಾರ್ ಸುರಿದರೆ ಕವರ್ ಮತ್ತೆ ಗಂಜಿಯಾಗುತ್ತೆ. ಪೂರಿಯನ್ನೇ ತಗೊಳ್ಳಿ: ಎಣ್ಣೆ ಕೆಡದಂತೆ ಈ ಫಿಲ್ಮ್ ನೋಡಿಕೊಳ್ಳುತ್ತೆ, ಆದರೆ ಗಾಳಿಯ ತೇವ ಒಳಗೆ ಬಿಟ್ಟು ಪೂರಿಯನ್ನು ಮೆತ್ತಗೆ ಮಾಡಿಬಿಡುತ್ತೆ. ಬೆಳಗ್ಗೆ ಕರಿದು ರಾತ್ರಿಯೊಳಗೆ ಮಾರಿಬಿಡುವ ಪೂರಿ, ನಿಪ್ಪಟ್ಟು, ಖಾರಾಬೂಂದಿಗೆ ಸಾಕು. ಪಾನಿಗೆ ಸ್ಟೀಲ್ ಡಬ್ಬಿಯೇ ಗತಿ. ತೇವ ತಡೆಯಲು ಪಿಷ್ಟಕ್ಕೆ ಪಿಎಲ್‌ಎ, ಪಿಬಿಎಟಿ ಎಂಬ ಪಾಲಿಮರ್‌ಗಳನ್ನು ಬೆರೆಸ್ತಾರೆ. ಆಗ ಗಟ್ಟಿಯಾಗುತ್ತೆ ನಿಜ. ಆದರೆ ಅಂಥ ಕವರ್ ಸರಿಯಾಗಿ ಕೊಳೆಯೋಕೆ ಸುಮಾರು 58 ಡಿಗ್ರಿ ಶಾಖ ಕಾಯ್ದುಕೊಳ್ಳುವ ಕಾಂಪೋಸ್ಟ್ ಘಟಕ ಬೇಕು. ಚರಂಡಿಯಲ್ಲಿ ಬಿದ್ದರೆ ಅದೂ ಪ್ಲಾಸ್ಟಿಕ್‌ನಂತೆಯೇ ಬಿದ್ದಿರುತ್ತೆ. 'ಕಾಂಪೋಸ್ಟಬಲ್' ಅಂತ ಅಚ್ಚು ಹಾಕಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಕಡ್ಡಾಯ. ಅದು ಅಸಲಿಯೋ ನಕಲಿಯೋ ಅಂತ ತಳ್ಳುಗಾಡಿಯವನು ಹೇಗೆ ಕಂಡುಹಿಡಿಯಬೇಕು?

ಇನ್ನು ಕಚ್ಚಾವಸ್ತು. ತಿನ್ನುವ ಜೋಳವನ್ನೇ ಕವರ್ ಮಾಡೋದಕ್ಕೆ ನನ್ನ ತಕರಾರಿದೆ. ಅದರ ಅಗತ್ಯವೂ ಕೋಲಾರ ಜಿಲ್ಲೆಗಿಲ್ಲ. ಮಾವಿನ ವಾಟೆಯೊಳಗಿನ ಬೀಜದ ಒಣತೂಕದಲ್ಲಿ ಅರ್ಧದಷ್ಟು ಪಿಷ್ಟವೇ, ಜೊತೆಗೆ ಆಂಟಿಆಕ್ಸಿಡೆಂಟ್ ಕೂಡ ಅದರಲ್ಲೇ ಇದೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ನಮ್ಮ ತೋತಾಪುರಿಗೆ ಗಡಿ ಮುಚ್ಚಿದಾಗ ಶ್ರೀನಿವಾಸಪುರದ ರೈತರು ಬೀದಿಗಿಳಿದರು, ಸಿದ್ದರಾಮಯ್ಯ ಚಂದ್ರಬಾಬು ನಾಯ್ಡುಗೆ ಪತ್ರ ಬರೆದರು, ಕೊನೆಗೆ ಕೇಂದ್ರ ಕ್ವಿಂಟಾಲಿಗೆ 1,616 ರೂಪಾಯಿ ದರ ಘೋಷಿಸಿತು. ಇಷ್ಟೆಲ್ಲ ಗಲಾಟೆಯ ಬೇರು ಒಂದೇ: ಹಣ್ಣು ನಮ್ಮದು, ತಿರುಳು ತೆಗೆಯುವ ಕಾರ್ಖಾನೆ ಗಡಿಯಾಚೆ. ಹಣ್ಣಿನ ಜೊತೆ ವಾಟೆಯೂ ಅಲ್ಲಿಗೇ ಹೋಗುತ್ತೆ.

ಇತ್ತ ಕೆಜಿಎಫ್‌ನಲ್ಲಿ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಇವತ್ತಿಗೂ ಹುಡುಗ ಹುಡುಗಿಯರು ಮಾರಿಕುಪ್ಪಂ ರೈಲು ಹತ್ತಿ ಕೆಲಸಕ್ಕೆ ಬೆಂಗಳೂರಿಗೆ ಹೋಗಿಬರ್ತಾರೆ. ಈ ಊರಿಗಾಗಿ ಸರ್ಕಾರಗಳು ಯೋಚಿಸಿದ್ದೇನು ನೋಡಿ: 2012ರಲ್ಲಿ ಬೆಂಗಳೂರಿನ ಕಸ ತಂದು ಇಲ್ಲಿ ಸುರಿಯುವ ಪ್ರಸ್ತಾಪ, ಜನ ಪ್ರತಿಭಟಿಸಿದರು. 2024ರಲ್ಲಿ ಸಯನೈಡ್ ದಿಬ್ಬಗಳನ್ನು ಮತ್ತೆ ಕೆದಕಲು ರಾಜ್ಯ ಸಂಪುಟದ ಒಪ್ಪಿಗೆ. ಮಾವು ಸಂಸ್ಕರಣೆ, ಅದರ ಪಕ್ಕದಲ್ಲೇ ವಾಟೆಯಿಂದ ಫಿಲ್ಮ್ ಮಾಡುವ ಒಂದು ಸಣ್ಣ ಘಟಕ, ಇಂಥದ್ದು ಯಾಕೆ ಪಟ್ಟಿಗೇ ಬರಲ್ಲ? ಆಹಾರ ತಂತ್ರಜ್ಞಾನವನ್ನು ಉದ್ಯಮಕ್ಕೆ ದಾಟಿಸೋದಕ್ಕೆಂದೇ ಮೈಸೂರಲ್ಲಿ 1950ರಿಂದ ಸಿಎಫ್‌ಟಿಆರ್‌ಐ ಇದೆ. ಲ್ಯಾಬ್‌ನಲ್ಲಿ ಆದದ್ದೆಲ್ಲ ಮಾರುಕಟ್ಟೆಯಲ್ಲಿ ನಿಲ್ಲುತ್ತೆ ಅಂತ ನಾನು ಹೇಳ್ತಿಲ್ಲ. ಪ್ಲಾಸ್ಟಿಕ್‌ಗಿಂತ ಇದು ದುಬಾರಿ, ಆ ವ್ಯತ್ಯಾಸವನ್ನು ಯಾರಾದರೂ ಹೊರಲೇಬೇಕು.

ಯಾರು ಹೊರಬೇಕು ಅನ್ನೋದಕ್ಕೆ ತಿರುಮಲ ನೋಡಿ. 2021ರ ಆಗಸ್ಟ್‌ನಲ್ಲಿ ಅಲ್ಲಿ ಲಡ್ಡುಗಾಗಿ ಡಿಆರ್‌ಡಿಒ ಅಭಿವೃದ್ಧಿಪಡಿಸಿದ ಜೋಳದ ಪಿಷ್ಟದ ಚೀಲಗಳ ಮಾರಾಟ ಶುರುವಾಯ್ತು. ಒಂದು ದೊಡ್ಡ ಸಂಸ್ಥೆ ಜಾಗ ಕೊಟ್ಟಿತು, ಗಿರಾಕಿಗಳು ಸಿಕ್ಕರು. ಕೋಲಾರ ಜಿಲ್ಲೆಯಲ್ಲಿ ಮುಜರಾಯಿ ದೇವಸ್ಥಾನಗಳಿವೆ, ಹಾಸ್ಟೆಲ್‌ಗಳಿವೆ, ಇಂದಿರಾ ಕ್ಯಾಂಟೀನ್ ಇದೆ. ಮೊದಲ ಆರ್ಡರ್ ಅಲ್ಲಿಂದ ಬರಲಿ. ಗಾಡಿಯವರಿಗೆ ನಗರಸಭೆಯೇ ಪ್ರಮಾಣಿತ ಕವರನ್ನು ಪ್ಲಾಸ್ಟಿಕ್ ದರದಲ್ಲಿ ಕೊಡಲಿ, ದಂಡದ ದುಡ್ಡನ್ನು ಅದಕ್ಕೇ ಹಾಕಲಿ. ಮುಂದಿನ ಸಲ ವೋಟು ಕೇಳಲು ಬಂದವರ ಹತ್ತಿರ ಇದನ್ನು ಕೇಳಿ: ಕಳೆದ ವರ್ಷ ಎಷ್ಟು ದಂಡ ವಸೂಲಾಯ್ತು, ಅದರಲ್ಲಿ ಬದಲಿ ಕವರಿಗೆ ಹೋದದ್ದೆಷ್ಟು?