ಭಾಷಾವಿಚಾರ: ಕಳ್ಳನ ಕ್ರಿಯಾಪದಗಳು

ಆಂಗ್ಲ ವೃತ್ತಪತ್ರಿಕೆಗಳನ್ನು ಓದುವ ಅಭ್ಯಾಸವುಳ್ಳ ವಾಚಕರು ಒಂದು ವಿಚಿತ್ರವನ್ನು ಕಂಡಿರಬಹುದು. ದೊಡ್ಡ ದೊಡ್ಡ ಶಬ್ದಗಳು ನಿಘಂಟಿನ ನೆರವಿನಿಂದ ತಿಳಿಯುವುವು. ಆದರೆ ಕಳವು, ಮೋಸ, ಸೆರೆ ಮೊದಲಾದ ಸುದ್ದಿಗಳಲ್ಲಿ ಬರುವ ಸಣ್ಣ ಮಾತುಗಳ ಜೋಡಿಗಳು ಮಾತ್ರ ಕೈಗೆ ಸಿಕ್ಕದೆ ಜಾರುವುವು. ‘ಬ್ರೇಕ್’ ಎಂದರೆ ಮುರಿ. ‘ಬ್ರೇಕ್ ಇನ್’ ಎಂದರೆ ಕಳವಿಗಾಗಿ ಮನೆಯೊಳಗೆ ನುಗ್ಗು. ‘ಬ್ರೇಕ್ ಔಟ್’ ಎಂದರೆ ಸೆರೆಮನೆಯಿಂದ ತಪ್ಪಿಸಿಕೊಂಡು ಹೋಗು. ಧಾತು ಒಂದೇ, ಕಳ್ಳನು ಮಾತ್ರ ಒಮ್ಮೆ ಒಳಗೆ, ಒಮ್ಮೆ ಹೊರಗೆ!

ಈ ತೊಡಕು ನಮಗೆ ಮಾತ್ರವೇ ಬಂದುದಲ್ಲ. ಪರದೇಶೀಯರಿಗೆ ಅತ್ಯಂತ ಕಷ್ಟವನ್ನುಂಟುಮಾಡುವುದು ಈ ಜೋಡಣೆಯೇ ಎಂದು ಸ್ಯಾಮ್ಯುಅಲ್ ಜಾನ್ಸನ್ ಪಂಡಿತನು 1755ರಲ್ಲಿ ಪ್ರಕಟವಾದ ತನ್ನ ನಿಘಂಟಿನ ಪೀಠಿಕೆಯಲ್ಲಿ ಹೇಳಿರುವನು. ‘ಫ್ರೇಸಲ್ ವರ್ಬ್’ ಎಂಬ ಹೆಸರು ಪ್ರಚಾರಕ್ಕೆ ಬಂದುದು 1925ರಲ್ಲಿ ಹೊರಬಂದ ಲೋಗನ್ ಪಿಯರ್ಸಲ್ ಸ್ಮಿತ್ ಎಂಬವನ ಗ್ರಂಥದಿಂದ.

ಸಂಸ್ಕೃತವನ್ನು ಅಷ್ಟಿಷ್ಟು ಬಲ್ಲವರಿಗೆ ಇದು ತೀರ ಅಪರಿಚಿತವಲ್ಲ. ‘ಹೃ’ ಧಾತುವಿಗೆ ‘ಅಪ’ ಸೇರಿದರೆ ಅಪಹಾರ, ಅಂದರೆ ಕಳವು. ‘ಪ್ರ’ ಸೇರಿದರೆ ಪ್ರಹಾರ, ಅಂದರೆ ಹೊಡೆತ. ‘ಸಂ’ ಸೇರಿದರೆ ಸಂಹಾರ, ಕೊಲೆಯೇ ಸರಿ. ಲೌಕಿಕ ಸಂಸ್ಕೃತದಲ್ಲಿ ಉಪಸರ್ಗವು ಧಾತುವಿಗೆ ಮೊದಲೇ ಬಂದು ಅಂಟಿಕೊಳ್ಳುವುದು. ವೇದದಲ್ಲಾದರೋ ಅದು ಕ್ರಿಯಾಪದದ ಅನಂತರವೂ ಬರಬಹುದು, ನಡುವೆ ಬೇರೆ ಪದಗಳಿಗೆ ಎಡೆಗೊಟ್ಟು ದೂರವೂ ನಿಲ್ಲಬಹುದು ಎಂದು ಪಾಣಿನಿಯು ವಿಧಿಸಿರುವನು. ಈ ಒಂದು ವಿಷಯದಲ್ಲಿ ಆಂಗ್ಲವು ವೈದಿಕ ಸಂಪ್ರದಾಯದ್ದೆನ್ನಬೇಕು! ‘ಲಾಕ್ ಅಪ್’ ಎಂದರೆ ಸೆರೆಯಲ್ಲಿಡು. ಆದರೆ ಸರ್ವನಾಮವು ಬಂದಾಗ ‘ಲಾಕ್ ಹಿಮ್ ಅಪ್’ ಎನ್ನಬೇಕೇ ಹೊರತು ‘ಲಾಕ್ ಅಪ್ ಹಿಮ್’ ಎನ್ನಲಾಗದು.

ಇದು ಬರಿಯ ವ್ಯಾಕರಣದ ವಿನೋದವಲ್ಲ. ಇಲ್ಲಿ ಮನುಷ್ಯನ ಮಾನದ ಪ್ರಶ್ನೆಯೂ ಇದೆ. ಪೊಲೀಸರಿಂದ ‘ಟೇಕನ್ ಇನ್’ ಆದವನು ಠಾಣೆಗೆ ಒಯ್ಯಲ್ಪಟ್ಟವನು. ವಂಚಕನಿಂದ ‘ಟೇಕನ್ ಇನ್’ ಆದವನು ಮೋಸಹೋದವನು. ಮೊದಲನೆಯವನ ಮೇಲೆ ಸಂದೇಹವುಂಟು. ಎರಡನೆಯವನು ನಮ್ಮ ಕನಿಕರಕ್ಕೆ ಪಾತ್ರನು. ಹಾಗೆಯೇ ‘ಲೆಟ್ ಆಫ್’ ಎಂಬಲ್ಲಿ ತಪ್ಪಿದ್ದರೂ ದಂಡನೆಯಿಲ್ಲದೆ ಬಿಡಲ್ಪಟ್ಟನೆಂಬ ಛಾಯೆಯಿರುವುದು. ‘ಗಾಟ್ ಅವೇ ವಿತ್ ಇಟ್’ ಎಂದರೆ ಅಪರಾಧವನ್ನು ಮಾಡಿ ಜಾರಿಕೊಂಡನೆಂದೇ ಅರ್ಥ. ನ್ಯಾಯಾಲಯವು ಆರೋಪದಿಂದ ಮುಕ್ತಗೊಳಿಸಿದವನನ್ನು ‘ಅಕ್ವಿಟೆಡ್’ ಎಂದು ಹೇಳುವುದೇ ಯುಕ್ತ. ಪತ್ರಿಕೆಯಲ್ಲಿ ಪರಿಚಿತರೊಬ್ಬರ ಹೆಸರನ್ನು ಕಂಡು, ಈ ಭೇದವನ್ನರಿಯದೆ ಜಗುಲಿಯ ಮೇಲೆ ಕುಳಿತು ತೀರ್ಪು ಕೊಡುವವರು ನಿರಪರಾಧಿಯ ಮನೆಗೆ ಅಪಕೀರ್ತಿಯನ್ನು ತರುವರು.

ಇವುಗಳನ್ನು ಪಟ್ಟಿಮಾಡಿ ಉರುಹೊಡೆಯುವುದು ವ್ಯರ್ಥಶ್ರಮ. ಮಕ್ಕಳಿಗೆ ಒಂದು ಕಳ್ಳನ ಕಥೆಯನ್ನೇ ಹೇಳಿರಿ. ಅವನು ಮನೆಯೊಳಗೆ ನುಗ್ಗಿದಾಗ ‘ಬ್ರೋಕ್ ಇನ್’; ಒಡವೆಗಳೊಡನೆ ಓಡಿದಾಗ ‘ಮೇಡ್ ಆಫ್ ವಿತ್’; ತಪ್ಪನ್ನು ಒಪ್ಪಿಕೊಂಡಾಗ ‘ಓನ್ಡ್ ಅಪ್’; ಸೆರೆಮನೆಗೆ ಹೋದಾಗ ‘ವಾಸ್ ಪುಟ್ ಅವೇ’. ಬಳಿಕ ಮಕ್ಕಳಿಂದಲೇ ಕಥೆಯನ್ನು ಹೇಳಿಸಿರಿ. ಎರಡು ಸಂಜೆ ಹೀಗೆ ನಡೆದರೆ ಸಾಕು, ಮೂರನೆಯ ದಿನ ಪತ್ರಿಕೆಯ ಸುದ್ದಿಯನ್ನು ಅವರೇ ನಿಮಗೆ ಓದಿ ಅರ್ಥ ಹೇಳುವರು.