ದಿವಾಳಿ ಅರ್ಜಿಗೆ ಮುನ್ನ ಮನೆಯ ಲೆಕ್ಕ



ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಒಕ್ಕಲು ಮನೆತನಗಳಿಗೆ ಸಾಲವೆಂಬುದು ಹೊಸದಲ್ಲ. ಮಳೆಯನ್ನು ನಂಬಿ ತೊಗರಿ ಬಿತ್ತುವ ನೆಲವಿದು. 2020ರ ಅಕ್ಟೋಬರಿನಲ್ಲಿ ಭೀಮಾನದಿ ಉಕ್ಕಿ ದಂಡೆಯ ಹೊಲಗಳನ್ನು ಮುಳುಗಿಸಿತು. 2022ರ ಹಂಗಾಮಿನಲ್ಲಿ ನೆಟೆರೋಗ ತಗುಲಿ ತೊಗರಿಯು ನಿಂತಲ್ಲಿಯೇ ಒಣಗಿತು. ಬೆಳೆ ಹೋದರೂ ಬೆಳೆಗಾಗಿ ತಂದ ಸಾಲ ಹೋಗದು. ಬ್ಯಾಂಕಿನ ಸಾಲ ತೀರಿಸಲು ಅಡತಿ ಅಂಗಡಿಯಲ್ಲಿ, ಅಡತಿಯ ಸಾಲ ತೀರಿಸಲು ಫೈನಾನ್ಸಿನವರಲ್ಲಿ, ಅವರ ಕಂತು ಕಟ್ಟಲು ಬೀಗರಲ್ಲಿ ಕೈಗಡ. ಹೀಗೆ ಒಂದು ಸಾಲ ಐದಾಗುತ್ತದೆ. ಕೊನೆಗೆ ಒಂದು ದಿನ ಮನೆಯ ಯಜಮಾನನಿಗೆ, ಇರುವುದೆಲ್ಲವನ್ನು ಮಾರಿದರೂ ಇದು ತೀರುವಂತಹದಲ್ಲ ಎಂಬುದು ಮನವರಿಕೆಯಾಗುತ್ತದೆ.

ಆ ಹೊತ್ತಿನಲ್ಲಿ ಅವನು ಎರಡೇ ದಾರಿಗಳನ್ನು ಕಾಣುತ್ತಾನೆ: ಊರು ಬಿಡುವುದು, ಇಲ್ಲವೆ ಜೀವ ಬಿಡುವುದು. ಮೂರನೆಯ ದಾರಿಯೊಂದುಂಟು. ಅದು ಕಾನೂನಿನ ದಾರಿ. ಅದರ ಹೆಸರು ಕೇಳಿದರೆ ನಮ್ಮವರು ಮುಖ ತಿರುಗಿಸುತ್ತಾರೆ. ‘ದಿವಾಳಿಕೋರ’ ಎಂಬುದು ನಮ್ಮಲ್ಲಿ ಬೈಗಳದ ಮಾತು. ಆದರೆ ಕೊಡಬಾರದೆಂಬ ಮನಸ್ಸುಳ್ಳವನು ಬೇರೆ, ಕೊಡಲು ಕೈಯಲ್ಲಿಲ್ಲದವನು ಬೇರೆ. 1980ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಈ ಭೇದವನ್ನೇ ಎತ್ತಿ ಹಿಡಿದು, ಕೊಡಲಾರದ ಬಡತನವೊಂದರಿಂದಲೇ ಸಾಲಗಾರನನ್ನು ಸೆರೆಮನೆಗೆ ಹಾಕಲಾಗದೆಂದು ತೀರ್ಪಿತ್ತಿತು.

2016ರ ಹೊಸ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗಾಗಿ ಬರೆದ ಭಾಗವು, 2019ರ ಡಿಸೆಂಬರಿನಿಂದ, ಕಂಪನಿ ಸಾಲಗಳಿಗೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ ಜಾರಿಗೆ ಬಂದಿದೆ. ಆದುದರಿಂದ ನಮ್ಮಂತಹ ಜಿಲ್ಲೆಗಳ ಸಾಮಾನ್ಯ ಗೃಹಸ್ಥನಿಗೆ ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯಿದೆಯೇ ಆಧಾರ. ಸಾಲವು 500 ರೂಪಾಯಿಗೆ ಕಡಿಮೆಯಿಲ್ಲದೆ, ಅದನ್ನು ತೀರಿಸಲು ಅಶಕ್ತನಾದವನು ತಾನಾಗಿಯೇ ಅರ್ಜಿ ಸಲ್ಲಿಸಬಹುದು. ತಾನು ವಾಸಿಸುವ ಸ್ಥಳದ ಮೇಲೆ ಅಧಿಕಾರವುಳ್ಳ ಜಿಲ್ಲಾ ನ್ಯಾಯಾಲಯ ಅಥವಾ ಸರ್ಕಾರವು ಅಧಿಕಾರವಿತ್ತ ಕೆಳಗಿನ ಸಿವಿಲ್ ನ್ಯಾಯಾಲಯದಲ್ಲಿ ಅದು ನಡೆಯತಕ್ಕದ್ದು.

ಅರ್ಜಿಗೆ ಮೊದಲು ಮಾಡಬೇಕಾದ ಕೆಲಸವು ವಕೀಲರ ಮನೆಯಲ್ಲಿಲ್ಲ, ನಮ್ಮ ಮನೆಯಲ್ಲಿಯೇ ಇದೆ. ಹೆಂಡತಿಯನ್ನೂ ಬೆಳೆದ ಮಕ್ಕಳನ್ನೂ ಕೂಡಿಸಿಕೊಂಡು ಎರಡು ಪಟ್ಟಿಗಳನ್ನು ಬರೆಯಬೇಕು. ಯಾರಿಗೆ ಎಷ್ಟು ಕೊಡಬೇಕು, ಅವರ ಹೆಸರೇನು, ಊರು ಯಾವುದು ಎಂಬುದು ಒಂದು. ಹೊಲ, ಮನೆ, ದನ, ಬಂಗಾರ, ಬರಬೇಕಾದ ಬಾಕಿ, ಅವುಗಳ ಬೆಲೆ ಎಂಬುದು ಇನ್ನೊಂದು. ಕಾಯಿದೆಯು ಅರ್ಜಿಯಲ್ಲಿ ಕೇಳುವುದು ಮುಖ್ಯವಾಗಿ ಇವೆರಡನ್ನೇ. ಬಹಳ ಮನೆಗಳಲ್ಲಿ ಯಜಮಾನನ ಸಾಲ ಎಷ್ಟೆಂಬುದು ಹೆಂಡತಿಗೆ ತಿಳಿಯುವುದು ಜಪ್ತಿಯ ನೋಟೀಸು ಬಂದ ದಿನವೇ. ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬಾ ಎಂದು ಗಂಡನಿಗೆ ಹೇಳಿದ ಆಯ್ದಕ್ಕಿ ಲಕ್ಕಮ್ಮನನ್ನು ಸ್ಮರಿಸುವ ನಾವು, ನಮ್ಮ ಮನೆಯ ಲೆಕ್ಕವನ್ನು ಮನೆಯಾಕೆಗೇ ಮುಚ್ಚಿಡುವುದು ಯಾವ ನ್ಯಾಯ?

ಈ ಘಟ್ಟದಲ್ಲಿ ಮನಸ್ಸು ಕಪಟಕ್ಕೆಳೆಯುತ್ತದೆ. ಹೊಲವನ್ನು ತಮ್ಮನ ಹೆಸರಿಗೆ ಮಾಡಿಬಿಡು, ಅಳಿಯನಿಗೆ ದಾನಪತ್ರ ಬರೆದುಬಿಡು ಎಂದು ಬುದ್ಧಿ ಹೇಳುವವರು ಬರುತ್ತಾರೆ. ಈ ಮಾತನ್ನು ಕೇಳಬಾರದು. ಬೆಲೆ ಪಡೆಯದೆ ಹಿಂದಿನ ಎರಡು ವರ್ಷಗಳೊಳಗೆ ಮಾಡಿದ ವರ್ಗಾವಣೆಯನ್ನು ನ್ಯಾಯಾಲಯವು ರದ್ದುಗೊಳಿಸಬಲ್ಲುದು. ಅರ್ಜಿಯ ಹಿಂದಿನ ಮೂರು ತಿಂಗಳೊಳಗೆ, ಉಳಿದವರನ್ನು ಬಿಟ್ಟು ಒಬ್ಬ ಸಾಲಿಗನಿಗೆ ಮಾತ್ರ ಅನುಕೂಲವಾಗಲೆಂದು ಸಂದಾಯ ಮಾಡಿದ್ದರೂ ಅದು ನಿಲ್ಲದು. ಆಸ್ತಿಯನ್ನು ಮರೆಮಾಚಿದವನಿಗೆ ಒಂದು ವರ್ಷದವರೆಗಿನ ಸೆರೆವಾಸವುಂಟು. ಸಾಲದಿಂದ ಬಾರದ ಅಪಕೀರ್ತಿಯು ಕಪಟದಿಂದ ಬರುತ್ತದೆ.

ಎಲ್ಲವನ್ನೂ ಕಳೆದುಕೊಂಡು ಬೀದಿಗೆ ಬೀಳುತ್ತೇವೆಂಬ ಭಯವೂ ಪೂರ್ಣ ನಿಜವಲ್ಲ. ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ ಹೊದಿಕೆ, ಧಾರ್ಮಿಕ ಪದ್ಧತಿಯಂತೆ ಹೆಣ್ಣುಮಕ್ಕಳು ಮೈಮೇಲಿಂದ ತೆಗೆಯಬಾರದ ಆಭರಣ, ಒಕ್ಕಲುತನದ ಸಾಮಾನು, ಜೀವನಕ್ಕೆ ಬೇಕಾದಷ್ಟು ಎತ್ತು ಮತ್ತು ಬೀಜದ ಕಾಳು, ಒಕ್ಕಲಿಗನು ವಾಸಿಸುವ ಸ್ವಂತ ಮನೆ ಇವುಗಳನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಜಪ್ತಿಯಿಂದ ಕಾಪಾಡುತ್ತದೆ. ಉಳಿದ ಆಸ್ತಿಯು ನ್ಯಾಯಾಲಯದ ಅಥವಾ ರಿಸೀವರನ ವಶಕ್ಕೆ ಹೋಗಿ ಸಾಲಿಗರಲ್ಲಿ ಹಂಚಲ್ಪಡುತ್ತದೆ. ದಿವಾಳಿಯೆಂದು ಘೋಷಿತನಾದ ಮೇಲೆ ಸಾಲಿಗರು ನ್ಯಾಯಾಲಯದ ಅನುಮತಿಯಿಲ್ಲದೆ ಅವನ ಮೇಲೆ ದಾವೆ ಹೂಡುವಂತಿಲ್ಲ.

ಆದರೂ ಈ ದಾರಿಯ ಮಿತಿಗಳನ್ನು ಅರಿಯದೆ ಕಾಲಿಡಬಾರದು. ಅಡವಿಟ್ಟ ಹೊಲದ ಮೇಲೆ ಬ್ಯಾಂಕಿಗಿರುವ ಹಕ್ಕು ಹಾಗೆಯೇ ಉಳಿಯುತ್ತದೆ. ಸರ್ಕಾರಕ್ಕೆ ಕೊಡಬೇಕಾದ ಬಾಕಿ ಮತ್ತು ಮೋಸದಿಂದ ಮಾಡಿದ ಸಾಲ ತೀರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದುದು, ಸಾಲಗಾರನು ಬಿಡುಗಡೆ ಹೊಂದಿದರೂ ಅವನಿಗೆ ಜಾಮೀನು ನಿಂತವನು ಬಿಡುಗಡೆ ಹೊಂದನು. ನಿಮ್ಮ ಮಾತು ನಂಬಿ ರುಜು ಹಾಕಿದ ನೆರೆಮನೆಯವನ ಹೊಲಕ್ಕೆ ನಾಳೆ ನೋಟೀಸು ಬರಬಹುದು. ಆದುದರಿಂದ ಅರ್ಜಿ ಹಾಕುವ ಮೊದಲು ಜಾಮೀನುದಾರನ ಮನೆಗೆ ಹೋಗಿ ಇದ್ದ ಸಂಗತಿಯನ್ನು ಹೇಳುವುದು ಧರ್ಮ. ಕೋರ್ಟಿನ ಕಾಗದದಿಂದ ಅವನಿಗೆ ಇದು ತಿಳಿಯಬಾರದು.

ಬಿಡುಗಡೆಯ ಆದೇಶವನ್ನು ಬೇರೆ ಅರ್ಜಿಯಿಂದ, ನ್ಯಾಯಾಲಯವು ಗೊತ್ತುಪಡಿಸಿದ ಅವಧಿಯೊಳಗೆ ಕೇಳಬೇಕು. ಅಡವಿಲ್ಲದ ಸಾಲದಲ್ಲಿ ರೂಪಾಯಿಗೆ ಎಂಟಾಣೆಯಷ್ಟಾದರೂ ಆಸ್ತಿಯಿಂದ ಹುಟ್ಟದಿದ್ದರೆ ಪೂರ್ಣ ಬಿಡುಗಡೆ ಸಿಕ್ಕದು. ತನ್ನ ತಪ್ಪಿಲ್ಲದ ಕಾರಣದಿಂದ ಹಾಗಾಯಿತೆಂದು ತೋರಿಸಿಕೊಟ್ಟರೆ ಆ ಅಡ್ಡಿಯಿಲ್ಲ. ಬೆಳೆಹಾನಿಯ ಪಂಚನಾಮೆ, ವಿಮೆಯ ಕಾಗದ, ಪಹಣಿ, ಅಡತಿಯ ಪಟ್ಟಿಗಳನ್ನು ಜೋಪಾನವಾಗಿ ಇಡಬೇಕಾದುದು ಇದಕ್ಕಾಗಿಯೇ. ಜೂಜು, ದುಂದುಗಾರಿಕೆ, ಲೆಕ್ಕವಿಡದ ವ್ಯಾಪಾರ ಇವು ಬಿಡುಗಡೆಗೆ ಅಡ್ಡ ಬರುತ್ತವೆ. ಶಕ್ತಿಮೀರಿ ಮದುವೆ ಮಾಡುವವರೂ ಮೊಬೈಲಿನಲ್ಲಿ ಪಣವೊಡ್ಡುವ ತರುಣರೂ ಇದನ್ನು ನೆನಪಿನಲ್ಲಿಡಲಿ.

ಎಲ್ಲರೂ ಇಷ್ಟು ದೂರ ಹೋಗಬೇಕಾಗಿಲ್ಲ. 1987ರ ಕಾಯಿದೆಯಂತೆ ಏರ್ಪಟ್ಟ ತಾಲ್ಲೂಕು ಕಾನೂನು ಸೇವಾ ಸಮಿತಿಗಳಲ್ಲಿ ಅರ್ಹರಿಗೆ ಉಚಿತ ವಕೀಲರು ದೊರೆಯುತ್ತಾರೆ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೂ ಇಲ್ಲ. ಲೋಕ ಅದಾಲತಿನಲ್ಲಿ ಬಡ್ಡಿ ಇಳಿಸಿಕೊಂಡು ಅನೇಕ ಸಾಲಗಳು ರಾಜಿಯಾಗುತ್ತವೆ. ಮನೆಯ ಮುಂದೆ ನಿಂತು ಅವಮಾನಿಸಿ ವಸೂಲಿ ಮಾಡುವವರ ವಿರುದ್ಧ 2025ರಲ್ಲಿ ನಮ್ಮ ರಾಜ್ಯವು ಕಿರುಸಾಲಗಳಿಗೆ ಸಂಬಂಧಿಸಿದ ಪ್ರತ್ಯೇಕ ಕಾಯಿದೆಯನ್ನೇ ಮಾಡಿದೆ. ಪೊಲೀಸ್ ಠಾಣೆಗೆ ದೂರು ಕೊಡಬಹುದು. ಈ ಬಾಗಿಲುಗಳನ್ನು ಮೊದಲು ತಟ್ಟಿ, ಅಲ್ಲಿ ಆಗದಿದ್ದರೆ ದಿವಾಳಿ ಅರ್ಜಿಯ ವಿಚಾರ ಮಾಡಬೇಕು.

ಮನೆಯ ಹಿರಿಯರಲ್ಲಿ ಒಂದು ವಿನಂತಿ. ಮಗನು ಊಟ ಬಿಟ್ಟು, ಫೋನು ಎತ್ತದೆ, ಹೊಲದ ಕಡೆಗೆ ಒಬ್ಬನೇ ಹೋಗತೊಡಗಿದರೆ, ಸಾಲವೆಷ್ಟೆಂದು ಗದರಿಸಿ ಕೇಳಬೇಡಿರಿ. ಹತ್ತಿರ ಕೂಡಿಸಿಕೊಂಡು, ಒಂದು ಹಾಳೆ ತೆಗೆದು, ಇಬ್ಬರೂ ಸೇರಿ ಬರೆಯೋಣ ಎನ್ನಿರಿ. ಹೊಲ ಹೋದರೆ ಕೂಲಿ ಮಾಡಿಯಾದರೂ ಬದುಕಬಹುದು. ದುಡಿಯುವ ಕೈ ಉಳಿದರೆ ಕಾಯಕ ಉಳಿಯಿತು, ಮನೆ ಉಳಿಯಿತು.