ಹಳೆಯ ನಳಿಕೆ, ಹಳೆಯ ಪ್ಲಾಸ್ಟಿಕ್, ಹೊಸ ಪೇಟೆಂಟ್

ದೇಹದೊಳಕ್ಕೆ ತೂರಿಸುವ ಕ್ಯಾಥೆಟರ್ ಮೂಲತಃ ಒಂದು ಸಪೂರ ನಳಿಕೆ. ರಬ್ಬರ್, ಸಿಲಿಕೋನ್, ಟೆಫ್ಲಾನ್, ನೈಲಾನ್, ಪಾಲಿಯುರೆಥೇನ್ ಎಂದು ಅದರ ವಸ್ತು ಬದಲಾಗುತ್ತ ಬಂದಿದೆ. ಇವು ಯಾವುವೂ ಕ್ಯಾಥೆಟರಿಗೆಂದೇ ಹುಟ್ಟಿದವಲ್ಲ. ಗೊತ್ತಿರುವ ನಳಿಕೆಗೆ ಗೊತ್ತಿರುವ ಪ್ಲಾಸ್ಟಿಕ್ ಆರಿಸಿದವರಿಗೆ 20 ವರ್ಷಗಳ ಏಕಸ್ವಾಮ್ಯ ಸಲ್ಲಬೇಕೆ? ಅಮೆರಿಕದ ಸುಪ್ರೀಂ ಕೋರ್ಟ್ ಇದರ ತಿರುಳನ್ನು 1851ರಲ್ಲೇ ಮುಟ್ಟಿತ್ತು. ಲೋಹ ಅಥವಾ ಮರದ ಬದಲು ಜೇಡಿಮಣ್ಣಿನಲ್ಲಿ ಬಾಗಿಲ ಹಿಡಿ ಮಾಡುವುದು ನುರಿತ ಕಸುಬುದಾರನ ಕೆಲಸ, ಆವಿಷ್ಕಾರವಲ್ಲ ಎಂದಿತು. 1945ರ ಮುದ್ರಣ ಶಾಯಿಯ ಪ್ರಕರಣದಲ್ಲೂ, ಬೇಕಾದ ಗುಣವಿರುವ ದ್ರಾವಕವನ್ನು ಪಟ್ಟಿಯಿಂದ ಆರಿಸಿದ್ದಕ್ಕೆ ಪೇಟೆಂಟಿನ ಗೌರವ ಸಿಗಲಿಲ್ಲ.

ದೇಹ ಬಾಗಿಲಲ್ಲ ಎಂಬುದು ಇದಕ್ಕೆ ಬರುವ ಮೊದಲ ಆಕ್ಷೇಪ, ಅದರಲ್ಲಿ ಹುರುಳಿದೆ. ಒಂದೇ ವಸ್ತು ತೂರಿಸುವಾಗ ಬಿರುಸಾಗಿರಬೇಕು, ಒಳಗೆ ಹೋದ ಮೇಲೆ ಮೆತ್ತಗಾಗಬೇಕು, ರಕ್ತ ಹೆಪ್ಪುಗಟ್ಟಿಸಲೂಬಾರದು. ಕ್ಯಾಥೆಟರಿನ ನೆಂಟನಾದ ಕೃತಕ ರಕ್ತನಾಳದ ವಿವಾದ ಇಲ್ಲಿ ದಾರಿ ತೋರುತ್ತದೆ. ಹಿಗ್ಗಿಸಿದ ಟೆಫ್ಲಾನಿನ ನಳಿಕೆಗಳನ್ನು ಕೊಟ್ಟದ್ದು ಗೋರ್ ಕಂಪನಿ. ಆದರೆ ಆ ವಸ್ತುವಿನ ಸೂಕ್ಷ್ಮ ಎಳೆಗಳು ಎಷ್ಟು ಉದ್ದವಿದ್ದರೆ ಅಂಗಾಂಶ ಒಳಬೆಳೆದು ನಾಳ ತೆರೆದಿರುತ್ತದೆ ಎಂಬುದನ್ನು ಗುರುತಿಸಿದ ಶಸ್ತ್ರಚಿಕಿತ್ಸಕ ಡೇವಿಡ್ ಗೋಲ್ಡ್‌ಫಾರ್ಬ್ 1974ರಲ್ಲಿ ಸಲ್ಲಿಸಿದ ಅರ್ಜಿಗೆ 2002ರಲ್ಲಿ ಪೇಟೆಂಟ್ ಸಿಕ್ಕಿತು. ಈ ಪೇಟೆಂಟಿನ ಆಧಾರದ ಮೇಲೆ ಗೋರ್ ವಿರುದ್ಧ ಬಾರ್ಡ್ ಕಂಪನಿ ಹೂಡಿದ ದಾವೆಯಲ್ಲಿ 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಪೇಟೆಂಟಿನ ಸಿಂಧುತ್ವವನ್ನು ಎತ್ತಿಹಿಡಿಯಿತು. ಮೂವರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಒಪ್ಪಲಿಲ್ಲ. ಎಳೆಗಳ ಈ ಗುಟ್ಟನ್ನು ಕಂಡದ್ದು ಯಾರು ಎಂಬಲ್ಲಿ ಭಿನ್ನಮತವಿರಲಿ, ಮನ್ನಣೆ ಸಿಕ್ಕಿದ್ದು ಟೆಫ್ಲಾನಿಗಲ್ಲ. ಅದರ ಯಾವ ರಚನೆ ದೇಹದಲ್ಲಿ ಏನು ಮಾಡುತ್ತದೆ ಎಂಬ ಅರಿವಿಗೆ.

ಫಲ ಕಂಡ ಮೇಲೆ ಎಲ್ಲವೂ ಸುಲಭವೆನಿಸುತ್ತದೆ, ಪರೀಕ್ಷೆಗೆ ಸುರಿದ ಹಣ ಮರಳಬೇಡವೆ ಎಂದು ಕಂಪನಿಗಳು ಕೇಳಬಹುದು. ಮೊದಲನೆಯದಕ್ಕೆ ಮದ್ದು, ಅರ್ಜಿಯ ದಿನಕ್ಕೆ ಮುಂಚೆ ಬರೆದಿಟ್ಟ ಗುಣಪಟ್ಟಿಗಳನ್ನೂ ಪ್ರಬಂಧಗಳನ್ನೂ ಮಾತ್ರ ಎದುರಿಗಿಟ್ಟು ತೂಗುವುದು. ಎರಡನೆಯದು ದುಡಿಮೆಯನ್ನೂ ಆವಿಷ್ಕಾರವನ್ನೂ ಒಂದಾಗಿಸುತ್ತದೆ. ಆಯ್ಕೆಗಳು ಕೆಲವೇ ಇದ್ದು ಫಲ ಊಹಿಸಬಹುದಾಗಿದ್ದರೆ ಅವನ್ನು ಪ್ರಯತ್ನಿಸುವುದು ಸಾಮಾನ್ಯ ಕೌಶಲವೇ ಎಂಬ ದಾರಿಯನ್ನು ವಾಹನದ ಪೆಡಲ್ ಕುರಿತ ಅಮೆರಿಕದ ಸುಪ್ರೀಂ ಕೋರ್ಟಿನ 2007ರ ತೀರ್ಪು ಹಾಕಿಕೊಟ್ಟಿದೆ. ಖರ್ಚು ಹೆಚ್ಚಾದ ಮಾತ್ರಕ್ಕೆ ಊಹೆ ಹೊಸ ಅರಿವಾಗದು. ಆದ್ದರಿಂದ 'ಪಾಲಿಯುರೆಥೇನಿನ ಕ್ಯಾಥೆಟರ್' ಎಂದಷ್ಟೇ ಬರೆದು ಬೇಲಿ ಹಾಕುವವರನ್ನು ಪೇಟೆಂಟ್ ಕಚೇರಿ ಒಂದು ಪ್ರಶ್ನೆ ಕೇಳಲಿ: ಪ್ಲಾಸ್ಟಿಕ್ ಮಾರುವವನ ಗುಣಪಟ್ಟಿಯಲ್ಲಿ ಇಲ್ಲದ ಯಾವ ಸಂಗತಿಯನ್ನು ನೀವು ತಿಳಿಸುತ್ತಿದ್ದೀರಿ? ಉತ್ತರವಿದ್ದರೆ ಅಷ್ಟಕ್ಕೆ ಹಕ್ಕು ಸಲ್ಲಲಿ. ಇಲ್ಲದಿದ್ದರೆ ಆ ಬೇಲಿಯ ಬಾಡಿಗೆ ಕಟ್ಟುವವರು ರೋಗಿಗಳು.